ದಳನಾಯಕರ ಶಿಕ್ಷಣ: ಕಲಿಸುವವರು ಮತ್ತೆ ಕಲಿಯುವ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಲೆಗಳ ಒಳಹೊರಗನ್ನು ಬಲ್ಲವರಿಗೆ ಒಂದು ದೃಶ್ಯವು ಅಪರಿಚಿತವಾಗಿರಲಾರದು. ಸ್ವಾತಂತ್ರ್ಯೋತ್ಸವದ ದಿನ ಕೊರಳಿಗೆ ಸ್ಕಾರ್ಫ್ ಕಟ್ಟಿದ ಬಾಲಚರರು ಧ್ವಜದ ಮುಂದೆ ಸಾಲಾಗಿ ನಿಂತು, ಮೂರು ಬೆರಳೆತ್ತಿ ವಂದಿಸಿ, ನೋಡುವವರ ಮೆಚ್ಚುಗೆಗೆ ಪಾತ್ರರಾಗುತ್ತಾರೆ. ಎರಡು ವರ್ಷಗಳ ತರುವಾಯ ಅದೇ ಶಾಲೆಗೆ ಹೋದರೆ ದಳವಿರುವುದಿಲ್ಲ. ಹಗ್ಗ, ಬಾವುಟ, ಸೀಟಿಗಳೆಲ್ಲವೂ ಉಗ್ರಾಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಕುಳಿತಿರುತ್ತವೆ. ವಿಚಾರಿಸಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ದಳವನ್ನು ನಡೆಸುತ್ತಿದ್ದ ಮೇಷ್ಟ್ರು ವರ್ಗವಾದರು, ಇಲ್ಲವೆ ನಿವೃತ್ತರಾದರು. ಮಕ್ಕಳ ಉತ್ಸಾಹವೇನೂ ಬತ್ತಿರುವುದಿಲ್ಲ. ಆ ಉತ್ಸಾಹವನ್ನು ಹಿಡಿದು ನಡೆಸಬಲ್ಲ ಎರಡನೆಯ ಹಿರಿಯರು ಅಲ್ಲಿ ಸಿದ್ಧರಾಗಿರಲಿಲ್ಲ, ಅಷ್ಟೆ. ಆದುದರಿಂದ ಬಾಲಕ ಬಾಲಕಿಯರ ಚಳವಳಿಯ ಅಳಿವು ಉಳಿವುಗಳ ಪ್ರಶ್ನೆಯು ಅಂತಿಮವಾಗಿ ಹಿರಿಯರ ಶಿಕ್ಷಣದ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ದಳನಾಯಕರ ಶಿಕ್ಷಣವೆಂದರೆ ಕವಾಯತು, ಸೀಟಿ, ಗಂಟುಗಳ ಕಲಿಕೆ ಎಂಬ ಭಾವನೆಯೊಂದು ಬಳಕೆಯಲ್ಲಿದೆ. ಇದು ಮೊದಲ ಮೆಟ್ಟಿಲಿನ ಮಟ್ಟಿಗೆ ನಿಜವಿರಬಹುದು. ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ವ್ಯವಸ್ಥೆಯಲ್ಲಿ ಹಿರಿಯರ ತರಬೇತಿಯು ಪರಿಚಯ ಶಿಬಿರದಿಂದ ಆರಂಭವಾಗಿ, ಮೂಲ ತರಬೇತಿ, ಉನ್ನತ ತರಬೇತಿ ಎಂಬ ಹಂತಗಳನ್ನು ದಾಟಿ, ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಪದವಿಯವರೆಗೆ ಹೋಗುತ್ತದೆ. ಕಿರಿಯ ಮಕ್ಕಳ ಕಬ್ ಮತ್ತು ಬುಲ್‌ಬುಲ್ ವಿಭಾಗದವರು, ಸ್ಕೌಟ್ ಮಾಸ್ಟರು ಮತ್ತು ಗೈಡ್ ಕ್ಯಾಪ್ಟನ್ನರು, ರೋವರ್ ಮತ್ತು ರೇಂಜರ್ ನಾಯಕರು, ಇವರಿಗೆ ಬೇರೆ ಬೇರೆ ಪಾಠಕ್ರಮಗಳುಂಟು. ಆರು ವರ್ಷದ ಮಗುವನ್ನು ಕತೆಯಿಂದ ಒಲಿಸಬೇಕು, ಹದಿನಾಲ್ಕರ ಹುಡುಗನಿಗೆ ಹೊಣೆ ಕೊಟ್ಟು ಒಲಿಸಬೇಕು, ಇಪ್ಪತ್ತರ ತರುಣನನ್ನು ಸಮಾನನಂತೆ ಕಂಡು ಒಲಿಸಬೇಕು. ಮೂವರಿಗೂ ಒಂದೇ ಬೋಧನೆ ಸಲ್ಲದು.

ವುಡ್ ಬ್ಯಾಡ್ಜ್ ಎಂಬ ಹೆಸರಿನ ಹಿನ್ನೆಲೆಯನ್ನು ಇಲ್ಲಿ ಹೇಳುವುದು ಉಚಿತ. ೧೯೦೭ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಮಂದಿ ಬಾಲಕರೊಡನೆ ಬೇಡನ್ ಪೊವೆಲ್ ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿಯು ಮೊಳೆಯಿತು. ಮರುವರ್ಷ ಪ್ರಕಟವಾದ ಅವನ ಪುಸ್ತಕವನ್ನೋದಿ ಹುಡುಗರು ತಾವೇ ದಳ ಕಟ್ಟಿಕೊಂಡರು. ಹಿರಿಯರನ್ನು ಹುಡುಕಿಕೊಂಡು ಹೊರಟರು. ಹೀಗಾಗಿ ಚಳವಳಿಯು ಹುಟ್ಟಿದಂದಿನಿಂದಲೂ ಹಿರಿಯರ ಕೊರತೆಯನ್ನು ಅನುಭವಿಸಿದೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಡಿ ಬ್ವಾ ಮ್ಯಾಕ್ಲಾರೆನ್ ಎಂಬ ಸ್ಕಾಟ್ಲೆಂಡಿನ ದಾನಿಯು ಲಂಡನ್ನಿನ ಬಳಿಯ ಗಿಲ್ವೆಲ್ ತೋಟವನ್ನು ಕೊಂಡು ಚಳವಳಿಗೆ ಒಪ್ಪಿಸಿದನು. ೧೯೧೯ರ ಸೆಪ್ಟೆಂಬರಿನಲ್ಲಿ ಅಲ್ಲಿ ಸ್ಕೌಟ್ ಮಾಸ್ಟರುಗಳ ಮೊದಲ ಶಿಬಿರ ನಡೆಯಿತು. ತೇರ್ಗಡೆಯಾದವರಿಗೆ ಚಿನ್ನದ ಪದಕವನ್ನಾಗಲಿ ಬೆಳ್ಳಿಯ ಬಿಲ್ಲೆಯನ್ನಾಗಲಿ ಕೊಡದೆ, ತೊಗಲಿನ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿಗಳನ್ನು ಕೊಡಲಾಯಿತು. ಅದರಿಂದಲೇ ಈ ಹೆಸರು.

ಆ ಮಣಿಗಳು ದಕ್ಷಿಣ ಆಫ್ರಿಕದ ಜುಲು ಜನಾಂಗದ ದೊರೆ ದಿನುಜುಲುವಿನ ಕಂಠಹಾರಕ್ಕೆ ಸೇರಿದವು. ೧೮೮೮ರ ಕಾರ್ಯಾಚರಣೆಯ ಕಾಲದಲ್ಲಿ ಸೇನಾಧಿಕಾರಿಯಾಗಿದ್ದ ಬೇಡನ್ ಪೊವೆಲ್‌ನ ಕೈಗೆ ಅದು ಬಂದಿತು. ಬಂದ ಬಗೆಯನ್ನು ಕುರಿತು ಒಂದಕ್ಕೊಂದು ಹೊಂದದ ಕತೆಗಳಿವೆ. ಸೋತ ದೊರೆಯ ಆಭರಣವು ಗೆದ್ದವನ ಪೆಟ್ಟಿಗೆ ಸೇರುವ ರೀತಿಯನ್ನು ಶ್ರೀರಂಗಪಟ್ಟಣದ ನೆರೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಲ ಮಣಿಗಳು ಬಹುಬೇಗ ಮುಗಿದುಹೋಗಿ, ಇಂದು ಎಲ್ಲೆಡೆಯೂ ಕೊಡುವುದು ಅವುಗಳ ಪ್ರತಿಕೃತಿಗಳನ್ನು. ಆದರೂ ಈ ಸಂಗತಿಯನ್ನು ಮರೆಮಾಚದೆ ಶಿಬಿರಾರ್ಥಿಗಳಿಗೆ ತಿಳಿಸುವುದೇ ಸರಿಯಾದ ಕ್ರಮ.

ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಭಾರತದ ಮೊದಲ ಸ್ಕೌಟ್ ದಳವನ್ನು ೧೯೦೯ರಲ್ಲಿ ಕ್ಯಾಪ್ಟನ್ ಬೇಕರ್ ಎಂಬಾತನು ಬೆಂಗಳೂರಿನಲ್ಲಿಯೇ ಆರಂಭಿಸಿದನು. ಅದರ ಬಾಗಿಲು ಭಾರತೀಯ ಮಕ್ಕಳಿಗೆ ತೆರೆದಿರಲಿಲ್ಲ. ಈ ಅನ್ಯಾಯವನ್ನು ಸಹಿಸದೆ ಶ್ರೀಮತಿ ಆನಿ ಬೆಸೆಂಟರು ಅರುಂಡೇಲರ ನೆರವಿನೊಡನೆ ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿ ಪ್ರತ್ಯೇಕ ಸಂಘವನ್ನು ಕಟ್ಟಿದರು. ಉತ್ತರದಲ್ಲಿ ಪಂಡಿತ ಮದನಮೋಹನ ಮಾಲವೀಯರೂ ಹೃದಯನಾಥ ಕುಂಜ್ರು ಅವರೂ ಸೇವಾ ಸಮಿತಿಯ ಬಾಲಚರ ಸಂಘವನ್ನು ಬೆಳೆಸಿದರು. ಸ್ವಾತಂತ್ರ್ಯಾನಂತರ, ೧೯೫೦ರ ನವೆಂಬರ್ ೭ರಂದು ಬೇರೆ ಬೇರೆ ಸಂಘಗಳು ಒಂದುಗೂಡಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾಯಿತು. ೧೯೫೧ರಲ್ಲಿ ಗೈಡುಗಳೂ ಸೇರಿದರು. ಸಂಸ್ಥೆಯ ರಾಷ್ಟ್ರೀಯ ತರಬೇತಿ ಕೇಂದ್ರವು ಮಧ್ಯಪ್ರದೇಶದ ಪಚ್ಮಡಿಯಲ್ಲಿದೆ. ಸಾತ್ಪುಡ ಬೆಟ್ಟದ ಮೇಲೆ ಕುಳಿತು ಹಿಮಾಲಯದ ಹೆಸರಿನ ಪದವಿಯನ್ನು ಪಡೆಯುವುದು ವಿನೋದವಾಗಿ ಕಂಡರೂ, ಹೆಸರು ಎತ್ತರದ ಸಂಕೇತವೇ ಹೊರತು ಸ್ಥಳದ ಸೂಚನೆಯಲ್ಲ. ಕರ್ನಾಟಕದಲ್ಲಿ ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್, ಹರಿಹರದ ಸಮೀಪದ ಕೊಂಡಜ್ಜಿ, ಇವು ದಳನಾಯಕರ ತರಬೇತಿಗೆ ಹೆಸರಾದ ತಾಣಗಳು. ಸಚಿವರಾಗಿಯೂ ಲೋಕಸಭಾ ಸದಸ್ಯರಾಗಿಯೂ ದುಡಿದ ಕೊಂಡಜ್ಜಿ ಬಸಪ್ಪನವರು ರಾಜ್ಯದ ಸ್ಕೌಟ್ ಚಳವಳಿಯ ಬೆಳವಣಿಗೆಗೆ ತಮ್ಮನ್ನು ತೆತ್ತುಕೊಂಡವರು. ತಮ್ಮ ಹುಟ್ಟೂರಿನ ಕೆರೆಯಂಚಿನ ಬೆಟ್ಟದ ತಪ್ಪಲು ಇಂದು ಶಿಬಿರಭೂಮಿಯಾಗಿರುವುದು ಅವರ ಶ್ರಮದ ಫಲ.

ಇನ್ನು ಮಂಡ್ಯದ ನೆಲಕ್ಕೆ ಸ್ವಯಂಸೇವಕನೆಂಬ ಮಾತು ಹೊಸದಲ್ಲ. ೧೯೩೮ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ಪ್ರತಿಬಂಧಕಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನೇರಿಸಿದಾಗ ಸಾವಿರಾರು ಜನ ಸೇರಿದ್ದರು. ಅಷ್ಟು ಜನರಿಗೆ ನೀರು, ನೆರಳು, ಊಟ, ಶಿಸ್ತುಗಳನ್ನು ಒದಗಿಸುವ ಹೊಣೆಯನ್ನು ಹಳ್ಳಿಗಳ ಸ್ವಯಂಸೇವಕರೇ ಹೊರಬೇಕಾಗಿದ್ದಿತು. ನಾಡಿನ ಇನ್ನೊಂದು ತುದಿಯಲ್ಲಿ ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಹಿಂದೂಸ್ತಾನಿ ಸೇವಾದಳದ ಮೂಲಕ ಇಂತಹ ಸೇವೆಗೆ ತರಬೇತಿಯ ತಳಹದಿ ಹಾಕಿದರು. ತರಬೇತಿಯಿಲ್ಲದ ಸೇವೆಯು ಸಂತೆಯ ಗದ್ದಲವಾಗುವುದೆಂಬ ಅರಿವು ಅಂದಿನ ಹಿರಿಯರಿಗೆ ಇದ್ದಿತು.

ಉನ್ನತ ಶಿಬಿರದ ಏಳು ದಿನಗಳು ಹೇಗಿರುತ್ತವೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಬಂದವರನ್ನು ಆರು ಅಥವಾ ಎಂಟು ಜನರ ಪೆಟ್ರೋಲುಗಳಾಗಿ, ಎಂದರೆ ಚಿಕ್ಕ ತಂಡಗಳಾಗಿ, ವಿಂಗಡಿಸುತ್ತಾರೆ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೂ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಸಹಶಿಕ್ಷಕರೂ ಒಂದೇ ಡೇರೆಯಲ್ಲಿ ಮಲಗಬೇಕು. ತಂಡದ ನಾಯಕತ್ವವು ಸರದಿಯ ಪ್ರಕಾರ ಬದಲಾಗುತ್ತದೆ. ಇಂದು ನಾಯಕರಾದವರು ನಾಳೆ ಸೌದೆ ಒಡೆಯುತ್ತಾರೆ; ನಾಳಿದ್ದು ಪಾತ್ರೆ ತೊಳೆಯುತ್ತಾರೆ. ಬೆಳಗ್ಗೆ ವ್ಯಾಯಾಮ, ಡೇರೆಯ ತಪಾಸಣೆ, ಧ್ವಜವಂದನೆ, ಹಗಲೆಲ್ಲ ಪಾಠ ಮತ್ತು ಪ್ರಯೋಗ, ಸಂಜೆ ಆಟ, ರಾತ್ರಿ ಶಿಬಿರಾಗ್ನಿ. ನಡುವೆ ಒಂದು ಇಡೀ ದಿನ ನಕ್ಷೆ ಮತ್ತು ದಿಕ್ಸೂಚಿಗಳನ್ನು ನೆಚ್ಚಿ ಕಾಲುನಡಿಗೆಯ ಪಯಣ. ಬಿದಿರು ಹಗ್ಗಗಳಿಂದ ಸೇತುವೆಯನ್ನೋ ಕಾವಲು ಗೋಪುರವನ್ನೋ ಕಟ್ಟಿ, ತಾವೇ ಅದರ ಮೇಲೆ ಹತ್ತಿ ಅದರ ಗಟ್ಟಿತನವನ್ನು ಪರೀಕ್ಷಿಸಬೇಕು. ಹಗ್ಗದ ಕಟ್ಟು ಸಡಿಲವಾಗಿದ್ದರೆ ಅದನ್ನು ತಿಳಿಸಲು ಪರೀಕ್ಷಕರ ಅಗತ್ಯವಿಲ್ಲ.

ಹೊರನೋಟಕ್ಕೆ ಇದೆಲ್ಲವೂ ದೊಡ್ಡವರ ಮಕ್ಕಳಾಟದಂತೆ ಕಾಣುತ್ತದೆ. ಆದರೆ ಅಲ್ಲಿ ನಡೆಯುವ ನಿಜವಾದ ಪಾಠ ಬೇರೆ. ಮೂವತ್ತು ನಲವತ್ತು ಮಕ್ಕಳ ಮುಂದೆ ನಿಂತು ಹೇಳುವುದು, ಮಕ್ಕಳು ಕೇಳುವುದು, ಇದು ಅಧ್ಯಾಪಕ ವೃತ್ತಿಯು ಕಲಿಸಿದ ಅಭ್ಯಾಸ. ದಳದಲ್ಲಿ ಈ ಅಭ್ಯಾಸವೇ ದೊಡ್ಡ ಅಡ್ಡಿ. ಹನ್ನೆರಡು ವರ್ಷದ ಪೆಟ್ರೋಲ್ ನಾಯಕನೊಬ್ಬನು ತನ್ನ ಏಳು ಮಂದಿ ಗೆಳೆಯರಿಗೆ ಅಡಿಗೆಯ ಕೆಲಸ ಹಂಚುವಾಗ ತಪ್ಪು ಮಾಡುತ್ತಿರುವುದು ದಳನಾಯಕರ ಕಣ್ಣಿಗೆ ಬೀಳುತ್ತದೆ. ಒಂದು ಮಾತಿನಲ್ಲಿ ತಿದ್ದಬಹುದು. ತಿದ್ದಿದರೆ ಅನ್ನ ಸರಿಯಾಗಿ ಬೇಯುತ್ತದೆ, ಹುಡುಗನ ನಾಯಕತ್ವ ಬೇಯುವುದಿಲ್ಲ. ಬೆಂಕಿಯ ಅಪಾಯವಿದ್ದರೆ ಕೂಡಲೇ ಅಡ್ಡ ಬರಬೇಕು. ಅನ್ನ ಮುದ್ದೆಯಾಗುವುದಷ್ಟೇ ಅಪಾಯವಾದರೆ ಸುಮ್ಮನಿರಬೇಕು. ಈ ಎರಡರ ನಡುವಣ ಗೆರೆಯನ್ನು ಗುರುತಿಸುವ ವಿವೇಕವೇ ಉನ್ನತ ತರಬೇತಿಯ ತಿರುಳು. ಪುಸ್ತಕದಿಂದ ಅದು ಬರುವುದಿಲ್ಲ. ತಾವೇ ಪೆಟ್ರೋಲಿನ ಸದಸ್ಯರಾಗಿ, ಅನನುಭವಿ ನಾಯಕರೊಬ್ಬರ ಮಾತಿಗೆ ಓಗೊಟ್ಟು, ಅರೆಬೆಂದ ಅನ್ನವನ್ನುಂಡು, ಅದೇ ರಾತ್ರಿಯ ಗೌರವಸಭೆಯಲ್ಲಿ ಯಾರನ್ನೂ ಹಂಗಿಸದೆ ಆ ಲೋಪವನ್ನು ಚರ್ಚಿಸಿದವರಿಗೆ ಮಾತ್ರ ಅದರ ರುಚಿ ಹತ್ತುತ್ತದೆ. ಗೌರವಸಭೆಯೆಂದರೆ ಪೆಟ್ರೋಲ್ ನಾಯಕರೆಲ್ಲರೂ ಕುಳಿತು ದಳದ ಕಾರ್ಯವನ್ನೂ ಮರ್ಯಾದೆಯನ್ನೂ ವಿಚಾರಿಸುವ ಕೂಟ. ಅಲ್ಲಿ ದಳನಾಯಕನು ಸಲಹೆಗಾರನಾಗಿರುತ್ತಾನೆ, ತೀರ್ಪು ಹುಡುಗರದು.

ಶರಣರ ಅನುಭವ ಮಂಟಪದ ನೆನಪು ಇಲ್ಲಿ ಬರುವುದು ಸಹಜ. ಹೋಲಿಕೆಯನ್ನು ಬಹುದೂರ ಎಳೆಯುವುದು ತರವಲ್ಲ. ಒಂದು ಅಧ್ಯಾತ್ಮದ ಶಿಖರ, ಇನ್ನೊಂದು ಮಕ್ಕಳ ಶಿಕ್ಷಣದ ಉಪಾಯ. ಆದರೂ ಹುಟ್ಟು, ಹುದ್ದೆ, ವಯಸ್ಸುಗಳನ್ನು ಹೊರಗಿಟ್ಟು ಒಂದೇ ನೆಲದ ಮೇಲೆ ಕುಳಿತು ಮಾತಾಡುವ ಸಂಪ್ರದಾಯವುಳ್ಳ ಮಠದ ಶಾಲೆಗೆ ಈ ಪದ್ಧತಿಯು ಪರಕೀಯವೆನಿಸಬೇಕಾಗಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ತತ್ತ್ವವನ್ನು ಭಾಷಣದಲ್ಲಿ ಕೇಳುವುದು ಬೇರೆ, ಮುಖ್ಯೋಪಾಧ್ಯಾಯರು ತಮ್ಮ ಕಿರಿಯ ಸಹೋದ್ಯೋಗಿಯ ತಟ್ಟೆಯನ್ನು ತೊಳೆಯುವುದು ಬೇರೆ. ಪ್ರಸಾದ ನಿಲಯದಲ್ಲಿ ಸರದಿಯಂತೆ ಬಡಿಸಿ, ಗುಡಿಸಿ, ನೀರು ಹೊತ್ತು ಬೆಳೆದ ಹಳೆಯ ವಿದ್ಯಾರ್ಥಿಗಳಿಗೆ ಪೆಟ್ರೋಲಿನ ಸರದಿಯು ಹೊಸತಲ್ಲ.

ಈ ಜಿಲ್ಲೆಯ ಮಟ್ಟಿಗೆ ದಳನಾಯಕರ ತರಬೇತಿಯು ಪ್ರಾಣದ ಪ್ರಶ್ನೆಯೂ ಆಗಿದೆ. ಮಂಡ್ಯದ ಸಿರಿಯೆಲ್ಲವೂ ನೀರಿನಿಂದ ಬಂದದ್ದು. ಕೃಷ್ಣರಾಜಸಾಗರದಿಂದ ಹೊರಟು, ಹಿಂದೆ ಇರ್ವಿನ್ ನಾಲೆಯೆನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೂ ಕಬ್ಬಿನ ತೋಟಗಳಿಗೂ ಜೀವ ಕೊಟ್ಟಿದೆ. ಅದೇ ನೀರು ಜೀವವನ್ನು ತೆಗೆದುಕೊಳ್ಳುವುದೂ ಉಂಟು. ೨೦೧೮ರ ನವೆಂಬರ್ ೨೪ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ ಮೂವತ್ತು ಜನ ಅಸುನೀಗಿದರು. ಶಾಲೆ ಮುಗಿಸಿ ಮನೆಗೆ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಶಿಂಷಾ ನದಿಯ ಮಡುಗಳು, ಮುತ್ತತ್ತಿಯ ಸುಳಿಗಳು, ಶಿವನಸಮುದ್ರದ ಗಗನಚುಕ್ಕಿಯ ಮೇಲಣ ಪಾಚಿಗಟ್ಟಿದ ಬಂಡೆಗಳು ಪ್ರವಾಸ ಬಂದ ಎಷ್ಟೋ ಎಳೆಯರನ್ನು ನುಂಗಿವೆ.

ಈಜು ಬಲ್ಲವನೆಂಬ ಧೈರ್ಯದಿಂದ ಮುಳುಗುವವನನ್ನು ಹಿಡಿಯಲು ಧುಮುಕಿ ಇಬ್ಬರೂ ಮುಳುಗುವುದು ಇಂತಹ ದುರಂತಗಳ ಸಾಮಾನ್ಯ ಸ್ವರೂಪ. ಗಾರೆ ಹಾಕಿದ ನಾಲೆಯ ಇಳಿಜಾರು ದಡವು ನುಣುಪಾಗಿರುವುದರಿಂದ ಬಿದ್ದವನಿಗೆ ಹಿಡಿತ ಸಿಕ್ಕುವುದಿಲ್ಲ; ಮೇಲ್ನೋಟಕ್ಕೆ ಶಾಂತವಾದ ನೀರಿನ ಒಳಸೆಳೆತ ಪ್ರಬಲವಾಗಿರುತ್ತದೆ. ತರಬೇತಿ ಪಡೆದ ದಳನಾಯಕರು ಕಲಿಸುವ ಕ್ರಮವೇ ಬೇರೆ. ಮೊದಲು ದಡದಲ್ಲಿ ಮಲಗಿ ಬಿದಿರುಗಳುವನ್ನೋ ಪಂಚೆಯನ್ನೋ ಚಾಚಬೇಕು. ಎಟುಕದಿದ್ದರೆ ಹಗ್ಗವನ್ನು, ಇಲ್ಲವೆ ಬಾಯಿ ಮುಚ್ಚಿದ ಖಾಲಿ ಕ್ಯಾನನ್ನು ಎಸೆಯಬೇಕು. ನೀರಿಗಿಳಿಯುವುದು ಕಟ್ಟಕಡೆಯ ಉಪಾಯ, ಅದೂ ಸೊಂಟಕ್ಕೆ ಹಗ್ಗ ಬಿಗಿದು, ದಡದಲ್ಲಿ ಹಿಡಿಯುವವರಿದ್ದಾಗ ಮಾತ್ರ. ಸೊಂಟಕ್ಕೆ ಹಾಕುವ ಕುಣಿಕೆಯು ಎಳೆದಷ್ಟೂ ಬಿಗಿಯಾಗುವ ಜೀರುಗಂಟಾಗಿರಕೂಡದು. ಅದಕ್ಕೆಂದೇ ಬೋಲೈನ್ ಎಂಬ, ಎಳೆದರೂ ಜಾರದ ಗಂಟನ್ನು ಕಣ್ಣು ಮುಚ್ಚಿ ಹಾಕುವಷ್ಟು ಅಭ್ಯಾಸ ಮಾಡಿಸುವುದು. ಗಂಟುಗಳನ್ನು ಹುಡುಗಾಟವೆಂದು ನಗುವವರು ಈ ಒಂದು ಗಂಟಿನ ಬಗೆಗಾದರೂ ಯೋಚಿಸಬಹುದು.

ಮುನ್ನೆಚ್ಚರಿಕೆಯೂ ಒಂದು ವಿದ್ಯೆ. ಉನ್ನತ ತರಬೇತಿ ಪಡೆದವರು ಮಕ್ಕಳನ್ನು ಕರೆದೊಯ್ಯುವ ಮೊದಲು ತಾವೊಮ್ಮೆ ಆ ಜಾಗಕ್ಕೆ ಹೋಗಿ ನೋಡಿಬರುತ್ತಾರೆ. ನೀರೆಲ್ಲಿದೆ, ಹತ್ತಿರದ ಆಸ್ಪತ್ರೆಯೆಲ್ಲಿ, ದೂರವಾಣಿಯ ಸಂಪರ್ಕ ಎಲ್ಲಿಯವರೆಗೆ ಸಿಕ್ಕುತ್ತದೆ, ಎಂಟು ಹತ್ತು ಮಕ್ಕಳಿಗೆ ಒಬ್ಬರಂತೆ ಹಿರಿಯರು ಒದಗುವರೇ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಇದಕ್ಕೆ ಒಳ್ಳೆಯ ಅಭ್ಯಾಸಸ್ಥಳ. ಊರ ನಡುವಣ ಹುಣಿಸೆ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಊರಿನವರು ತಲೆಮಾರುಗಳಿಂದ ಅವುಗಳನ್ನು ಮನೆಮಕ್ಕಳಂತೆ ಕಾಯುತ್ತ ಬಂದಿದ್ದಾರೆ. ೨೦೦೭ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಸಿದ್ಧತೆಯಿಲ್ಲದ ಶಿಕ್ಷಕರೊಡನೆ ಹೋದ ಮಕ್ಕಳು ಅಲ್ಲಿ ಕೂಗಾಡಿ ಹಕ್ಕಿಗಳನ್ನು ಬೆದರಿಸಿ ಬರುತ್ತಾರೆ. ತರಬೇತಿ ಪಡೆದವರು ಒಂದೊಂದು ಪೆಟ್ರೋಲಿಗೆ ಒಂದೊಂದು ಮರವನ್ನು ಒಪ್ಪಿಸಿ, ಒಂದು ಗಂಟೆ ಮೌನವಾಗಿ ಕುಳಿತು, ಗೂಡುಗಳನ್ನೆಣಿಸಿ, ಊರಿನ ಅಜ್ಜಿಯೊಬ್ಬರನ್ನು ಮಾತಾಡಿಸಿ ಬರೆದು ತರುವಂತೆ ಹೇಳುತ್ತಾರೆ.

ಇಂದಿನ ತರಬೇತಿಯಲ್ಲಿ ಹಿಂದಿನವರು ಬಾಯಿ ಬಿಟ್ಟು ಆಡದ ವಿಷಯವೊಂದಕ್ಕೂ ಸ್ಥಾನ ದೊರೆತಿದೆ. ಅದು ಮಕ್ಕಳ ಮೇಲಿನ ದೌರ್ಜನ್ಯದ ತಡೆ. ೨೦೧೨ರ ಪೋಕ್ಸೊ ಕಾಯಿದೆಯು ಜಾರಿಗೆ ಬಂದ ಬಳಿಕ ಇಂತಹ ಅಪರಾಧದ ಸುಳಿವು ಸಿಕ್ಕಿಯೂ ಪೊಲೀಸರಿಗೆ ತಿಳಿಸದಿರುವುದು ಸಹ ಶಿಕ್ಷಾರ್ಹವಾಗಿದೆ. ಹಿರಿಯರೊಬ್ಬರು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರಬಾರದು, ಹಿರಿಯರೂ ಮಕ್ಕಳೂ ಒಂದೇ ಡೇರೆಯಲ್ಲಿ ಮಲಗಬಾರದು, ಬಾಲಕಿಯರ ಶಿಬಿರದಲ್ಲಿ ಮಹಿಳಾ ನಾಯಕಿಯರು ಇರಲೇಬೇಕು ಎಂಬ ಕಟ್ಟುಪಾಡುಗಳು ಯಾರ ಮೇಲಣ ಸಂಶಯದಿಂದಲೂ ಹುಟ್ಟಿದವಲ್ಲ. ಅವು ಮಗುವಿಗೂ ಸಜ್ಜನರಾದ ಶಿಕ್ಷಕರಿಗೂ ಏಕಕಾಲಕ್ಕೆ ಕಾವಲು. ವಿದ್ಯಾರ್ಥಿ ನಿಲಯಗಳಿರುವ ಸಂಸ್ಥೆಗಳು ಇದನ್ನು ದಳಕ್ಕೆ ಮಾತ್ರ ಸೀಮಿತಗೊಳಿಸದೆ ಇಡೀ ಆವರಣಕ್ಕೆ ಅನ್ವಯಿಸಿಕೊಳ್ಳುವುದು ಲೇಸು.

ಶಿಬಿರ ಮುಗಿದೊಡನೆ ಪದವಿ ದೊರೆಯುವುದಿಲ್ಲ. ಗಿಲ್ವೆಲ್ಲಿನ ಮೂಲ ಯೋಜನೆಯಲ್ಲಿಯೇ ಅಧ್ಯಯನ, ಶಿಬಿರ, ಸ್ವಂತ ದಳದಲ್ಲಿ ಪ್ರಯೋಗ ಎಂಬ ಮೂರು ಭಾಗಗಳಿದ್ದವು. ಮೂರನೆಯದೇ ಕಠಿನ. ಊರಿಗೆ ಮರಳಿದವರು ತಾವು ಕಲಿತದ್ದನ್ನು ತಮ್ಮ ಮಕ್ಕಳೊಡನೆ ತಿಂಗಳುಗಟ್ಟಲೆ ನಡೆಸಿ ತೋರಿಸಬೇಕು. ಬಲ್ಲವರು ಬಂದು ನೋಡಿ ಒಪ್ಪಿದ ಮೇಲೆಯೇ ಮಣಿ, ಸ್ಕಾರ್ಫ್, ಪ್ರಮಾಣಪತ್ರಗಳು ದೊರೆಯುವುದು. ಉತ್ಸಾಹವು ಸೋರಿಹೋಗುವುದು ಇಲ್ಲಿಯೇ. ಶಿಬಿರದ ಹುರುಪಿನಿಂದ ಬಂದ ಶಿಕ್ಷಕರಿಗೆ ಶಾಲೆಯಲ್ಲಿ ಪಠ್ಯ ಮುಗಿಸುವ ಅವಸರ, ಪರೀಕ್ಷೆಯ ಫಲಿತಾಂಶದ ಒತ್ತಡ, ಬಿಸಿಯೂಟ, ಗಣತಿ, ಚುನಾವಣೆಯ ಕೆಲಸಗಳು ಕಾದಿರುತ್ತವೆ. ಕಬ್ಬು ಕಡಿಯುವ ಕಾಲದಲ್ಲಿಯೂ ರೇಷ್ಮೆ ಹುಳು ಹಣ್ಣಾಗುವ ವಾರದಲ್ಲಿಯೂ ಮಕ್ಕಳೇ ಶಾಲೆಗೆ ಬರುವುದಿಲ್ಲ. ದಳಕ್ಕೆಂದು ಮೀಸಲಾದ ಶನಿವಾರದ ಅವಧಿಯನ್ನು ಇನ್ನಾವುದೋ ಪಾಠ ನುಂಗುತ್ತದೆ. ಇಂತಹ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರ ಒಂದು ಬೆಂಬಲದ ಮಾತಿಗೆ ಇರುವ ಬೆಲೆ ಯಾವ ಪದಕಕ್ಕೂ ಇಲ್ಲ. ಮಹಿಳಾ ಶಿಕ್ಷಕಿಯರ ತೊಡಕು ಇನ್ನೂ ಹೆಚ್ಚಿನದು. ಮನೆಯಲ್ಲಿ ಎಳೆಯ ಮಕ್ಕಳನ್ನೂ ಮುದುಕರನ್ನೂ ಬಿಟ್ಟು ಏಳು ದಿನ ದೊಡ್ಡಬಳ್ಳಾಪುರಕ್ಕೋ ಪಚ್ಮಡಿಗೋ ಹೋಗುವುದು ಅವರಿಗೆ ಸುಲಭದ ಮಾತಲ್ಲ. ಗೈಡ್ ದಳಗಳು ಸ್ಕೌಟ್ ದಳಗಳಿಗಿಂತ ಬೇಗ ನಿಂತುಹೋಗುವುದಕ್ಕೆ ಹುಡುಗಿಯರ ಅನಾಸಕ್ತಿಯನ್ನು ದೂರುವವರು ಈ ಕಡೆಗೆ ಗಮನ ಹರಿಸಿಲ್ಲವೆನ್ನಬೇಕು.

ದಾನಿಗಳ ಔದಾರ್ಯದ ವಿಷಯದಲ್ಲಿಯೂ ಒಂದು ಮಾತು ಅವಶ್ಯ. ಕೊಠಡಿ, ಮಹಾದ್ವಾರ, ರಂಗಮಂದಿರಗಳಿಗೆ ಕೊಡುವವರು ಪುಣ್ಯವಶಾತ್ ಈ ಭಾಗದಲ್ಲಿ ಕಡಿಮೆಯಿಲ್ಲ. ಅವರ ಹೆಸರುಗಳು ಕಲ್ಲಿನಲ್ಲಿ ನಿಂತಿವೆ, ನಿಲ್ಲುವುದು ನ್ಯಾಯವೂ ಹೌದು. ಆದರೆ ಶಿಕ್ಷಕರೊಬ್ಬರ ತರಬೇತಿಗೆ ಕೊಟ್ಟ ಹಣವು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬೇಕಾಗುವುದೂ ಅಲ್ಪ: ರೈಲಿನ ಪ್ರಯಾಣದ ವೆಚ್ಚ, ಶಿಬಿರದ ಶುಲ್ಕ, ಒಂದು ಜೊತೆ ಸಮವಸ್ತ್ರ, ಶಾಲೆಯಲ್ಲಿ ಅವರ ತರಗತಿಗಳನ್ನು ಆ ವಾರ ನೋಡಿಕೊಳ್ಳುವ ಏರ್ಪಾಟು. ಶಾಲೆಯೊಂದು ಒಬ್ಬರನ್ನು ಕಳುಹಿಸುವುದಕ್ಕಿಂತ ಇಬ್ಬರನ್ನು ಕಳುಹಿಸುವುದು ಮೇಲು. ಒಬ್ಬರು ವರ್ಗವಾದರೆ ಇನ್ನೊಬ್ಬರು ಉಳಿಯುತ್ತಾರೆ. ಒಬ್ಬರು ಸೋತಾಗ ಇನ್ನೊಬ್ಬರು ಎತ್ತುತ್ತಾರೆ. ದಳನಾಯಕರಾಗಲು ಅಧ್ಯಾಪಕರೇ ಆಗಬೇಕೆಂಬ ನಿಯಮವೂ ಇಲ್ಲ. ಬ್ಯಾಂಕಿನಲ್ಲಿಯೋ ಸಹಕಾರ ಸಂಘದಲ್ಲಿಯೋ ದುಡಿಯುತ್ತಿರುವ, ಸ್ವಂತ ಬೇಸಾಯ ಮಾಡಿಕೊಂಡಿರುವ ಹಳೆಯ ವಿದ್ಯಾರ್ಥಿಗಳು ವರ್ಗಾವಣೆಯ ಹಂಗಿಲ್ಲದವರು. ಅವರಲ್ಲಿ ಒಬ್ಬಿಬ್ಬರು ಮೂಲ ತರಬೇತಿಗೆ ಹೆಸರು ಕೊಟ್ಟು, ಒಂದೆರಡು ವರ್ಷ ದಳದಲ್ಲಿ ಕೈಯಾಡಿಸಿ, ಉನ್ನತ ತರಬೇತಿಗೆ ಹೋಗಬಹುದು. ೨೦೧೬ರ ಕೊನೆಯಲ್ಲಿ ನಂಜನಗೂಡು ತಾಲ್ಲೂಕಿನ ಅಡಕನಹಳ್ಳಿಯಲ್ಲಿಯೂ, ೨೦೨೨ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿಯೂ ನಡೆದ ಜಾಂಬೂರಿಗಳಿಗೆ ದೇಶದ ನಾನಾ ಕಡೆಗಳಿಂದ ಮಕ್ಕಳು ಬಂದಾಗ, ಊಟ, ವಸತಿ, ಆರೋಗ್ಯಗಳ ಹೊರೆ ಹೊತ್ತವರಲ್ಲಿ ಇಂತಹ ಹಿರಿಯರೇ ಬಹುಮಂದಿ.

ತರಬೇತಿಗೆ ಹೋಗಬಯಸುವವರು ಜಿಲ್ಲಾ ಸಂಸ್ಥೆಯ ಮೂಲಕ, ಮುಖ್ಯೋಪಾಧ್ಯಾಯರ ಅಥವಾ ಆಡಳಿತ ಮಂಡಲಿಯ ಒಪ್ಪಿಗೆಯೊಡನೆ ಅರ್ಜಿ ಸಲ್ಲಿಸಬೇಕು. ದಳವು ನೋಂದಣಿಯಾಗಿರಬೇಕು, ಪ್ರತಿವರ್ಷವೂ ಅದನ್ನು ನವೀಕರಿಸುತ್ತಿರಬೇಕು. ಹಿಂದಿನ ಹಂತದ ಪ್ರಮಾಣಪತ್ರವಿಲ್ಲದೆ ಮುಂದಿನ ಹಂತಕ್ಕೆ ಪ್ರವೇಶವಿಲ್ಲ. ಎರಡು ಹಂತಗಳ ನಡುವೆ ದಳ ನಡೆಸಿದ ದಾಖಲೆಯನ್ನೂ ಕೇಳುತ್ತಾರೆ. ಹಾಜರಿ ಪುಸ್ತಕ, ಗೌರವಸಭೆಯ ನಡಾವಳಿ, ಮಕ್ಕಳು ಪ್ರವೇಶದಿಂದ ತೃತೀಯ ಸೋಪಾನದವರೆಗೆ ಏರಿದ ವಿವರ, ಇವನ್ನು ಮೊದಲ ದಿನದಿಂದಲೇ ಬರೆದಿಟ್ಟುಕೊಂಡವರಿಗೆ ಆಗ ಪರದಾಟವಿರುವುದಿಲ್ಲ.